ಹಳೆಯ ಟಾಕುಮಾರ್, ಸುಳ್ಳು ಹೇಳುವ ಅಡಾಪ್ಟರ್

ಫಿಲ್ಮ್ ಕಾಲದ ಸೂಪರ್ ಟಾಕುಮಾರ್ 55 ಮಿ.ಮೀ. ಎಫ್/1.8 ಲೆನ್ಸನ್ನು ಸೋನಿ ಎ7 ಮಾರ್ಕ್ 2 ಕ್ಯಾಮೆರಾಕ್ಕೆ ಜೋಡಿಸಿ ಕೆಲವು ವರ್ಷಗಳಿಂದ ಮುಂಬೈಯಲ್ಲಿ ಬಳಸುತ್ತಿದ್ದೇನೆ. ಲೆನ್ಸಿನ ಮೇಲೆ ನನಗಿರುವುದು ಮೆಚ್ಚುಗೆ ಮಾತ್ರ. ತಕರಾರೆಲ್ಲ ನಡುವೆ ಕೂರುವ ಅಡಾಪ್ಟರಿನದು.

ನಸುಕಿನಲ್ಲಿ ಡೊಂಬಿವಲಿಯಿಂದ ಲೋಕಲ್ ಹಿಡಿದು ದಾದರಿನ ಹೂವಿನ ಮಾರುಕಟ್ಟೆಗೆ ಹೋಗುವುದು ನನ್ನ ರೂಢಿ. ನಿಲ್ದಾಣದ ಸೇತುವೆ ಇಳಿಯುವಾಗಲೇ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಬಳೆಯನ್ನು 8ಕ್ಕೆ, ಫೋಕಸ್ ಬಳೆಯ ದೂರದ ಗುರುತನ್ನು 3 ಮೀಟರಿಗೆ ತಿರುಗಿಸಿಡುತ್ತೇನೆ. ಹೀಗೆ ಇಟ್ಟರೆ ಸುಮಾರು ಎರಡೂವರೆ ಮೀಟರಿನಿಂದ ನಾಲ್ಕು ಮೀಟರಿನ ತನಕ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ಚೆಂಡುಹೂವಿನ ಮೂಟೆ ಹೊತ್ತವನು ಆ ಅಂತರಕ್ಕೆ ಬಂದೊಡನೆ ಗುಂಡಿ ಒತ್ತಿದರಾಯಿತು. ಆಮೇಲೆ ಹೂ ಕಟ್ಟುವ ಹೆಂಗಸರ ಎದುರು ಕುಕ್ಕರುಗಾಲಲ್ಲಿ ಕೂತು, ಅಪರ್ಚರ್ ಪೂರ್ತಿ ತೆರೆದು, ಅರ್ಧ ಮೀಟರಿಗೆ ಹತ್ತಿರವಾಗುತ್ತೇನೆ. ಫೋಕಸ್ ಬಳೆ ಎಷ್ಟು ನಯವಾಗಿ, ಎಷ್ಟು ನಿಧಾನವಾಗಿ ತಿರುಗುತ್ತದೆಂದರೆ, ಸ್ಪಷ್ಟತೆ ಬೆರಳಿನಿಂದ ದಾರಕ್ಕೆ, ದಾರದಿಂದ ಸೇವಂತಿಗೆಯ ಎಸಳಿಗೆ ಸರಿಯುವುದು ಕಣ್ಣಿಗೆ ಕಾಣುತ್ತದೆ. “ಅಣ್ಣಾ, ಇದು ಯಾವ ಕಾಲದ ಕ್ಯಾಮೆರಾ?” ಎಂದು ಕಲಬುರಗಿ ಕಡೆಯ ಒಬ್ಬಾಕೆ ಕೇಳಿದ್ದರು.

ಆದರೆ ಮೊದಲ ಕೆಲವು ತಿಂಗಳು ಆ ಮೂಟೆ ಹೊತ್ತವರೆಲ್ಲ ಮಸುಕಾಗಿ ಬಂದರು. ಅವರ ಹಿಂದಿನ ಗೋಡೆ ಸ್ಪಷ್ಟವಾಗಿತ್ತು. ಈ ಟಾಕುಮಾರಿನಂಥ ಎಂ42 (ತಿರುಪಿ ಕೂರಿಸುವ ಹಳೆಯ ಬಗೆಯ) ಲೆನ್ಸು ಕೂರುವ ಜಾಗಕ್ಕೂ ಫಿಲ್ಮಿಗೂ ನಡುವೆ 45.46 ಮಿ.ಮೀ. ಅಂತರ ಬೇಕು. ಸೋನಿಯಲ್ಲಿರುವುದು 18. ಉಳಿದ 27.46 ಮಿ.ಮೀ. ತುಂಬಿಕೊಡುವುದೊಂದೇ ಅಡಾಪ್ಟರಿನ ಕೆಲಸ; ಅದರಲ್ಲಿ ಗಾಜಿಲ್ಲ, ಏನೂ ಇಲ್ಲ. ಕೂದಲೆಳೆಯಷ್ಟು ದಪ್ಪವಾದರೂ ಅನಂತದ ಫೋಕಸ್, ಅಂದರೆ ಬಹುದೂರದ ವಸ್ತುವಿನ ಸ್ಪಷ್ಟತೆ, ಸಿಗುವುದಿಲ್ಲವೆಂದು ತಯಾರಕರು ಬೇಕೆಂದೇ ತುಸು ಗಿಡ್ಡ ಮಾಡುತ್ತಾರೆ. ಬರೀ 0.2 ಮಿ.ಮೀ. ಕಡಿಮೆಯಾದರೆ ಈ ಲೆನ್ಸಿನಲ್ಲಿ 3 ಮೀಟರಿನ ಗುರುತು 3.7 ಮೀಟರಾಗುತ್ತದೆ. ಪರದೆ ನೋಡಿ ಫೋಕಸ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಗುರುತನ್ನು ನಂಬಿ ಬೀದಿಗಿಳಿಯುವವನಿಗೆ ಇದು ಮೋಸ. ಪೆಟ್ಟಿಗೆಯ ಮೇಲೆ ‘ನಿಖರ’ ಎಂದು ಅಚ್ಚು ಹಾಕಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಪರಿಹಾರಕ್ಕೆ ಖರ್ಚಾಗಲಿಲ್ಲ. ಗಡಿಯಾರದ ಸ್ಕ್ರೂಡ್ರೈವರಿನಿಂದ ಅಡಾಪ್ಟರಿನ ಹಿಂಬದಿಯ ತಟ್ಟೆ ಬಿಚ್ಚಿ, ಅದರಡಿ ತೆಳುವಾದ ಅಲ್ಯೂಮಿನಿಯಂ ಟೇಪಿನ ತುಂಡುಗಳನ್ನಿಟ್ಟೆ. ದಾದರ್ ಚೌಪಾಟಿಗೆ ಹೋಗಿ, ದೂರದ ಸೀ ಲಿಂಕ್ ಸೇತುವೆಯ ಕೇಬಲ್‌ಗಳನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿದೆ. ಫೋಕಸ್ ಬಳೆ ಅನಂತದ ಕೊನೆಗೆ ತಾಗಿ ನಿಲ್ಲುವಲ್ಲೇ ಕೇಬಲ್‌ಗಳು ಬೇರೆಬೇರೆಯಾಗಿ ಕಾಣುವ ತನಕ ಪದರ ಸೇರಿಸಿದೆ, ತೆಗೆದೆ. ಅಲ್ಲಿಂದೀಚೆಗೆ 3 ಎಂದರೆ 3.

ಇನ್ನೆರಡು ಮಾತು. ಕೈನಡುಕ ಸರಿಪಡಿಸುವ ಕ್ಯಾಮೆರಾದ ಸ್ಥಿರೀಕರಣಕ್ಕೆ ಲೆನ್ಸು 55 ಮಿ.ಮೀ.ನದೆಂದು ನೀವೇ ತಿಳಿಸಬೇಕು, ಲೆನ್ಸ್ ಹೇಳುವುದಿಲ್ಲ. ಮುಂಬೈಯ ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುವುದು ಬಹಳ ಸುಲಭ; ಬಿಗಿ ಮುಚ್ಚಳದ ಡಬ್ಬ, ಸಿಲಿಕಾ ಜೆಲ್, ತೇವಮಾಪಕ ಮೂರರ ಬೆಲೆಯನ್ನೂ ಲೆನ್ಸಿನ ಬೆಲೆಗೆ ಸೇರಿಸಿಕೊಳ್ಳಿ. ತೇವಾಂಶ ಶೇ. 40ರಿಂದ 50ರೊಳಗಿರಲಿ. ಆದರೂ ಹೊಸ ಆಟೋಫೋಕಸ್ ಲೆನ್ಸಿಗಿಂತ ಎಷ್ಟೋ ಅಗ್ಗ. ಗಣಪತಿ ವಿಸರ್ಜನೆಯ ರಾತ್ರಿಯ ನೂಕುನುಗ್ಗಲಿಗೆ ಮಾತ್ರ ಇದನ್ನು ಒಯ್ಯಬೇಡಿ, ಅಲ್ಲಿ ಆಟೋಫೋಕಸ್ಸೇ ಬೇಕು.