ಪಿಟ್ಸ್‌ಬರ್ಗಿನ ಗುಡ್ಡಗಳಿಗೆ ಯಾವ ಟೈರ್? ನಮ್ಮ ರಾವ್4 ಮತ್ತು ಕ್ರಾಸ್‌ಕ್ಲೈಮೇಟ್ 2

ಪಿಟ್ಸ್‌ಬರ್ಗಿನಂಥ ಏರಿಳಿತದ ಊರಿನಲ್ಲಿ ಎಸ್‌ಯುವಿ ಓಡಿಸುವವರು ನೀವಾಗಿದ್ದು, ಚಳಿಗಾಲಕ್ಕೆಂದೇ ಇನ್ನೂ ನಾಲ್ಕು ಟೈರ್ ಕೊಂಡು ಇಡಲು ಮನೆಯಲ್ಲಿ ಜಾಗವಿಲ್ಲದಿದ್ದರೆ, ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಟೈರಿನ ಮಗ್ಗುಲಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು ಇರುವ ಚಿಹ್ನೆಯನ್ನು ಹುಡುಕಿ. ಅದಿಲ್ಲದ ಆಲ್-ಸೀಸನ್ ಟೈರ್, ಅಂದರೆ ವರ್ಷವಿಡೀ ಬಳಸಬಹುದೆಂದು ಮಾರುವ ಟೈರ್, ಎಷ್ಟೇ ಹೆಸರಾಂತ ಕಂಪನಿಯದಾದರೂ, ಎಷ್ಟೇ ಸಾವಿರ ಮೈಲಿಗಳ ವಾರಂಟಿ ಇದ್ದರೂ, ಇಲ್ಲಿನ ಜನವರಿ ತಿಂಗಳಿಗೆ ನಾನು ಅದನ್ನು ನಂಬುವುದಿಲ್ಲ. ನಮ್ಮ ಟೊಯೋಟಾ ರಾವ್4ಗೆ ಮಿಶೆಲಿನ್ ಕಂಪನಿಯ ಕ್ರಾಸ್‌ಕ್ಲೈಮೇಟ್ 2 ಹಾಕಿಸಿದ್ದೇವೆ. ಒಂದು ಚಳಿಗಾಲವನ್ನೂ ಒಂದು ಬೇಸಿಗೆಯನ್ನೂ ಅದು ಕಂಡಿದೆ. ಈ ವಿಮರ್ಶೆ ಅದರದ್ದು. ಜೊತೆಗೆ, ಅದನ್ನೇ ಏಕೆ ಆರಿಸಿದೆವು ಎಂಬುದರದ್ದೂ ಹೌದು.

ನಾವಿರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕಾರಿಗೆ ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ ಕಡ್ಡಾಯ. ಟೈರಿನ ಗೆರೆಗಳ ಆಳ ಇಂಚಿನ ಮೂವತ್ತೆರಡು ಪಾಲಿನಲ್ಲಿ ಎರಡು ಪಾಲಾದರೂ, ಅಂದರೆ ಸುಮಾರು 1.6 ಮಿಲಿಮೀಟರ್ ಆದರೂ ಇರಬೇಕು. ಕಾರಿನ ಜೊತೆ ಬಂದಿದ್ದ ನಮ್ಮ ಹಳೆಯ ಟೈರುಗಳಲ್ಲಿ ನಾಲ್ಕು ಪಾಲು ಉಳಿದಿತ್ತು. ತಪಾಸಣೆಯಲ್ಲಿ ಪಾಸಾಯಿತು. ಆದರೆ ಅಳತೆ ನೋಡಿದ ಮೆಕ್ಯಾನಿಕ್ ಕಾರಿನ ಕೀಲಿ ಕೊಡುವಾಗ, "ಇದು ಕಾನೂನಿಗೆ ಸಾಕು, ಹಿಮಕ್ಕೆ ಸಾಲದು" ಎಂದರು. ಅವರ ಮಾತು ಸರಿ. ಹಿಮದಲ್ಲಿ ಹಿಡಿತ ಸಿಗಬೇಕಾದರೆ ಟೈರಿನ ಗೆರೆಗಳೊಳಗೆ ಹಿಮ ತುಂಬಿಕೊಳ್ಳಬೇಕು. ನೆಲದ ಹಿಮವನ್ನು ಕಚ್ಚಿ ಹಿಡಿಯುವುದು ಹಾಗೆ ತುಂಬಿಕೊಂಡ ಹಿಮವೇ. ಗೆರೆ ಸವೆದ ಮೇಲೆ ತುಂಬಿಕೊಳ್ಳಲು ಜಾಗವೇ ಇರುವುದಿಲ್ಲ. ಮನೆಯಲ್ಲೇ ನೋಡಬೇಕೆಂದರೆ 25 ಸೆಂಟಿನ ನಾಣ್ಯವನ್ನು ತಲೆಕೆಳಗಾಗಿ ಗೆರೆಯೊಳಗೆ ಇಳಿಸಿ. ವಾಷಿಂಗ್ಟನ್ ಅವರ ನೆತ್ತಿ ಪೂರ್ತಿ ಕಂಡರೆ ಉಳಿದಿರುವುದು ನಾಲ್ಕು ಪಾಲಿಗಿಂತ ಕಡಿಮೆ. ನವೆಂಬರಿನೊಳಗೆ ಬದಲಿಸುವುದು ಒಳ್ಳೆಯದು.

ಟೈರಿನ ಮಾತು ಬಂದಾಗಲೆಲ್ಲ ನಮ್ಮವರ ನಡುವೆ ಒಂದು ವಾದ ಏಳುತ್ತದೆ. ಕೊಲಂಬಸ್‌ನಲ್ಲಿರುವ ನನ್ನ ಮೈದುನ ಫೋನಿನಲ್ಲಿ ಕೇಳಿದ್ದೂ ಅದನ್ನೇ: "ಅತ್ತಿಗೆ, ನಿಮ್ಮದು ಆಲ್-ವೀಲ್ ಡ್ರೈವ್ ಅಲ್ಲವೇ? ಟೈರ್ ಯಾವುದಾದರೇನು?" ಈ ನಂಬಿಕೆ ನಿಜಕ್ಕೂ ಅಪಾಯಕಾರಿ. ಆಲ್-ವೀಲ್ ಡ್ರೈವ್ ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುತ್ತದೆ, ಆದ್ದರಿಂದ ನಿಂತ ಕಾರು ಹಿಮದಲ್ಲಿ ಸಲೀಸಾಗಿ ಹೊರಡುತ್ತದೆ. ಬ್ರೇಕ್ ಒತ್ತಿದಾಗ ಅದರಿಂದ ಏನೂ ಸಹಾಯವಿಲ್ಲ. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ, ಕಾರು ನಿಲ್ಲುವುದು ರಬ್ಬರು ನೆಲವನ್ನು ಎಷ್ಟು ಹಿಡಿಯುತ್ತದೆ ಎಂಬುದರ ಮೇಲೆ. ಚೆನ್ನಾಗಿ ಹೊರಡುವ ಕಾರು ಚೆನ್ನಾಗಿ ನಿಲ್ಲುತ್ತದೆಂದು ಭಾವಿಸಿ ವೇಗ ಹೆಚ್ಚಿಸುವವರನ್ನು ಪ್ರತಿ ಚಳಿಗಾಲದಲ್ಲೂ ಪಾರ್ಕ್‌ವೇ ಈಸ್ಟ್ ಹೆದ್ದಾರಿಯ ಪಕ್ಕದ ಕಂಬಿಗೆ ಒರಗಿದ ಎಸ್‌ಯುವಿಗಳಲ್ಲಿ ನೋಡುತ್ತೇವೆ. ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವಳು. ಬೆಳಗಿನ ಪಾಳಿ ಆರಕ್ಕೆ ಶುರು. ನಮ್ಮ ಬೀದಿಗೆ ಹಿಮ ಸರಿಸುವ ಲಾರಿ ಬರುವ ಮೊದಲೇ ಇಳಿಜಾರಿನಲ್ಲಿ ಕೆಳಗಿಳಿದು, ಕೊನೆಯ ಸ್ಟಾಪ್ ಫಲಕದ ಹತ್ತಿರ ನಿಲ್ಲಲೇಬೇಕು. ಹಾಗಾಗಿ ನನಗೆ ಬೇಕಿದ್ದದ್ದು ಚೆನ್ನಾಗಿ ನಿಲ್ಲಿಸುವ ಟೈರ್.

ಚಿಹ್ನೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗೊಂದಲವಿರುವುದು ಇಲ್ಲೇ. ಗುಡ್‌ಇಯರ್ ಕಂಪನಿ 1977ರಲ್ಲಿ ಟಿಯೆಂಪೊ ಎಂಬ ಟೈರನ್ನು ತಂದ ಮೇಲೆ ವರ್ಷವಿಡೀ ಒಂದೇ ಟೈರ್ ಎಂಬ ರೂಢಿ ಅಮೆರಿಕದಲ್ಲಿ ಬೇರೂರಿತು. ಆಲ್-ಸೀಸನ್ ಎಂದು ಮಾರುವ ಟೈರಿನ ಮೇಲೆ ಸಾಮಾನ್ಯವಾಗಿ ಎಂ+ಎಸ್ ಎಂಬ ಅಕ್ಷರಗಳಿರುತ್ತವೆ, ಕೆಸರು ಮತ್ತು ಹಿಮಕ್ಕೆ ಎಂದರ್ಥ. ಆದರೆ ಅದು ಟೈರಿನ ಮೇಲ್ಮೈಯಲ್ಲಿ ಗೆರೆಗಳ ವಿನ್ಯಾಸ ಹೇಗಿದೆ, ಖಾಲಿ ಜಾಗ ಎಷ್ಟಿದೆ ಎಂಬುದನ್ನು ನೋಡಿ ಹಾಕುವ ಗುರುತು. ಹಿಮದ ಮೇಲೆ ಓಡಿಸಿ ಪರೀಕ್ಷಿಸಬೇಕೆಂಬ ನಿಯಮ ಅದಕ್ಕಿಲ್ಲ. ಬೆಟ್ಟ-ಹಿಮಹರಳಿನ ಚಿಹ್ನೆ 1999ರಲ್ಲಿ ಬಂತು. ಅದನ್ನು ಪಡೆಯಲು ಗಟ್ಟಿಯಾಗಿ ಕೂತ ಹಿಮದ ಮೇಲೆ ಒಂದು ಮಾದರಿ ಟೈರಿಗಿಂತ ಹೆಚ್ಚು ಹಿಡಿತ ತೋರಿಸಿ ಪರೀಕ್ಷೆಯಲ್ಲಿ ಗೆಲ್ಲಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರನ್ನು ಕಡ್ಡಾಯ ಮಾಡಿದೆ. ಅಲ್ಲಿ ಈ ಚಿಹ್ನೆಯಿರುವ ಟೈರ್ ನಡೆಯುತ್ತದೆ, ಬರಿಯ ಎಂ+ಎಸ್ ನಡೆಯುವುದಿಲ್ಲ. ಜರ್ಮನಿಯೂ 2024ರ ಅಕ್ಟೋಬರ್‌ನಿಂದ ಇದನ್ನೇ ಕೇಳುತ್ತದೆ. ಅಂಗಡಿಗಳಲ್ಲಿ ಈ ಬಗೆಯನ್ನು ಆಲ್-ವೆದರ್ ಎಂದು ಬೇರೆ ಮಾಡಿ ಹೇಳುವವರಿದ್ದಾರೆ, ಎರಡನ್ನೂ ಆಲ್-ಸೀಸನ್ ಪಟ್ಟಿಯಲ್ಲೇ ಬೆರೆಸಿಡುವವರೂ ಇದ್ದಾರೆ. ಹೆಸರನ್ನು ಬಿಡಿ, ಚಿಹ್ನೆಯನ್ನು ನೋಡಿ.

ಆದರೆ ಈ ಚಿಹ್ನೆಗೂ ಮಿತಿಯಿದೆ. ಪರೀಕ್ಷೆಯಲ್ಲಿ ಅಳೆಯುವುದು ಹಿಮದ ಮೇಲೆ ಮುಂದಕ್ಕೆ ಎಳೆಯುವ ಹಿಡಿತವನ್ನು. ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಮಂಜುಗಡ್ಡೆಯ ಮೇಲೆ ಹೇಗಿರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ಚಿಹ್ನೆಯಿರುವವುಗಳಲ್ಲೂ ಆರಿಸಬೇಕು. ಮುಖ್ಯ ವ್ಯತ್ಯಾಸ ರಬ್ಬರಿನಲ್ಲಿದೆ. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಂತೆ ಸಾಮಾನ್ಯ ರಬ್ಬರು, ನಮ್ಮ ಅಡುಗೆಮನೆಯ ತೆಂಗಿನೆಣ್ಣೆ ಡಿಸೆಂಬರಿನಲ್ಲಿ ಹೆಪ್ಪುಗಟ್ಟುವ ಹಾಗೆ, ಬಿಗಿಯಾಗುತ್ತಾ ಹೋಗುತ್ತದೆ. ಬಿಗಿಯಾದ ರಬ್ಬರು ನೆಲಕ್ಕೆ ಅಂಟುವುದಿಲ್ಲ. ಈ ಬಗೆಯ ಟೈರುಗಳ ರಬ್ಬರು ಚಳಿಯಲ್ಲೂ ಮೆತ್ತಗೆ ಉಳಿಯುವಂತೆ ತಯಾರಾದದ್ದು, ಮೇಲ್ಮೈಯ ರಬ್ಬರಿನ ಉಬ್ಬುಗಳಲ್ಲಿ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸೀಳುಗಳೂ ಹೆಚ್ಚಿರುತ್ತವೆ.

ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ನಾಲ್ಕು. ಮಿಶೆಲಿನ್‌ನದೇ ಡಿಫೆಂಡರ್ 2 ಟೈರಿಗೆ 80,000 ಮೈಲಿಗಳ ವಾರಂಟಿ, ಆದರೆ ಬೆಟ್ಟದ ಚಿಹ್ನೆ ಇಲ್ಲ. ಚಿಹ್ನೆಯಿರುವ ಕ್ರಾಸ್‌ಕ್ಲೈಮೇಟ್ 2ಗೆ 60,000. ಬ್ರಿಜ್‌ಸ್ಟೋನ್ ವೆದರ್‌ಪೀಕ್‌ಗೆ 70,000, ಚಿಹ್ನೆಯೂ ಇದೆ. ಕಡಿಮೆ ಬೆಲೆಯದು ಬೇಕೆನ್ನುವವರಿಗೆ ಜನರಲ್ ಕಂಪನಿಯ ಆಲ್ಟಿಮ್ಯಾಕ್ಸ್ 365ಎಡಬ್ಲ್ಯು ಇದೆ. ಫ್ಲೋರಿಡಾ ಅಥವಾ ಟೆಕ್ಸಾಸಿನಲ್ಲಿದ್ದಿದ್ದರೆ ಕಣ್ಣುಮುಚ್ಚಿ ಡಿಫೆಂಡರ್ 2 ಎನ್ನುತ್ತಿದ್ದೆ. ಇಲ್ಲಿ, ಒಂದು ಸಲ ಜಾರಿ ಮುಂದಿನ ಕಾರಿಗೆ ತಾಗಿದರೆ ವಿಮೆಯವರು ನಮ್ಮ ಕೈಯಿಂದ ಕಟ್ಟಿಸುವ ಹಣವೇ ಆ ಹೆಚ್ಚುವರಿ 20,000 ಮೈಲಿಗಳ ಲಾಭವನ್ನು ನುಂಗಿಹಾಕುತ್ತದೆ. ವೆದರ್‌ಪೀಕ್ ಮತ್ತು ಕ್ರಾಸ್‌ಕ್ಲೈಮೇಟ್ ನಡುವೆ ನನಗೆ ಬಹಳ ದಿನ ಹೊಯ್ದಾಟವಿತ್ತು. ಹಿಮದ ಮೇಲೆ ಬ್ರೇಕ್ ಹಾಕುವ ಪರೀಕ್ಷೆಗಳಲ್ಲಿ ಕ್ರಾಸ್‌ಕ್ಲೈಮೇಟ್‌ಗೆ ಬಂದಿರುವ ಹೊಗಳಿಕೆ ನನ್ನ ತಕ್ಕಡಿಯನ್ನು ಅದರ ಕಡೆಗೆ ವಾಲಿಸಿತು.

ಅಳತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮದು 225/65 ಆರ್17 102ಎಚ್: ಅಗಲ 225 ಮಿಲಿಮೀಟರ್, ಮಗ್ಗುಲಿನ ಎತ್ತರ ಅದರ ಶೇಕಡಾ 65, ರಿಮ್ 17 ಇಂಚು, 102 ಎಂದರೆ ಒಂದೊಂದು ಟೈರು ಹೊರಬಲ್ಲ ತೂಕ 850 ಕಿಲೋ, ಎಚ್ ವೇಗದ ಮಿತಿಯ ಗುರುತು. ರಾವ್4ನ ದುಬಾರಿ ಮಾದರಿಗಳಿಗೆ ಇದಕ್ಕಿಂತ ದೊಡ್ಡ ರಿಮ್ ಬರುತ್ತದೆ, ಅದರ ಟೈರಿಗೆ ಬೆಲೆಯೂ ಜಾಸ್ತಿ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಅಳತೆಯೂ ಗಾಳಿಯ ಒತ್ತಡವೂ ಬರೆದಿರುತ್ತವೆ. ತೂಕದ ಅಂಕಿಯನ್ನು ಮಾತ್ರ ಯಾವ ಕಾರಣಕ್ಕೂ ಕೆಳಗಿಳಿಸಬೇಡಿ.

ಎಲ್ಲಿ ಹಾಕಿಸುವುದು ಎಂಬುದೂ ಆಯ್ಕೆಯ ಭಾಗವೇ. ಒಂದು ದೊಡ್ಡ ಅಂಗಡಿ ಫೋನಿನಲ್ಲಿ ಹೇಳಿದ ಬೆಲೆ ಚೆನ್ನಾಗಿತ್ತು. ಅಲ್ಲಿ ಹೋದಾಗ ಜೋಡಿಸುವ ಕೂಲಿ, ಬ್ಯಾಲೆನ್ಸಿಂಗ್, ವಾಲ್ವ್, ಹಳೆಯ ಟೈರಿನ ವಿಲೇವಾರಿ, ಗುಂಡಿಗೆ ಬಿದ್ದರೆ ಪರಿಹಾರ ಎಂದು ಒಂದೊಂದೇ ಸಾಲು ಸೇರುತ್ತಾ ಬಿಲ್ಲು ಬೆಳೆಯಿತು. ಎದ್ದು ಬಂದೆವು. ಮನ್ರೋವಿಲ್ ಹತ್ತಿರ ಅಪ್ಪ-ಮಗ ನಡೆಸುವ ಚಿಕ್ಕ ಅಂಗಡಿಯಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ಮೊತ್ತ ಹೇಳಿದರು, ಸಾವಿರ ಡಾಲರಿಗೆ ಸ್ವಲ್ಪ ಒಳಗೆ. ಮಗ ಟೈರುಗಳನ್ನು ಗೋದಾಮಿನಿಂದ ಉರುಳಿಸಿಕೊಂಡು ಬಂದು, ನಾವು ಕೇಳುವ ಮೊದಲೇ ಮಗ್ಗುಲಲ್ಲಿ ಅಚ್ಚಾಗಿರುವ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ತೋರಿಸಿದ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನಾಲ್ಕೂ ಹೊಸವು. ಇನ್ನೊಂದು ಎಚ್ಚರ: ಕ್ರಾಸ್‌ಕ್ಲೈಮೇಟ್ 2ನ ಗೆರೆಗಳು ಬಾಣದ ಮೊನೆಯಂತೆ ಒಂದೇ ದಿಕ್ಕಿಗೆ ಇವೆ, ಆದ್ದರಿಂದ ಅದು ಉರುಳಬೇಕಾದ ದಿಕ್ಕನ್ನು ಮಗ್ಗುಲಲ್ಲಿ ಬಾಣ ಹಾಕಿ ಗುರುತಿಸಿರುತ್ತಾರೆ. ಕಾರು ಹೊರತೆಗೆಯುವ ಮುನ್ನ ನಾಲ್ಕೂ ಬಾಣಗಳು ಮುಂದಕ್ಕೆ ತಿರುಗುವ ಕಡೆಗಿವೆಯೇ ನೋಡಿಕೊಳ್ಳಿ. ಅಪ್ಪ ಕೊನೆಯಲ್ಲಿ ಟಾರ್ಕ್ ರೆಂಚ್ ಹಿಡಿದು ಪ್ರತಿ ನಟ್ಟನ್ನೂ 76 ಅಡಿ-ಪೌಂಡಿಗೆ ಬಿಗಿದು, ಐವತ್ತು ಮೈಲಿ ಓಡಿಸಿದ ಮೇಲೆ ಒಮ್ಮೆ ಬಂದು ಮತ್ತೆ ಬಿಗಿಸಿಕೊಳ್ಳಿ ಎಂದರು. ಇಂಥ ಕೈಗಳಿಗೆ ಕಾರು ಕೊಡುವುದು ನೆಮ್ಮದಿ.

ಎರಡೇ ಟೈರ್ ಬದಲಿಸಿ ಹಣ ಉಳಿಸೋಣವೇ ಎಂದು ಕೇಳುವವರಿಗೆ: ಆಲ್-ವೀಲ್ ಡ್ರೈವ್ ಕಾರಿನಲ್ಲಿ ಬೇಡ. ಸವೆದ ಟೈರಿನ ಸುತ್ತಳತೆ ಕಡಿಮೆ, ಅದು ಬೇರೆ ವೇಗದಲ್ಲಿ ತಿರುಗುತ್ತದೆ, ಆ ವ್ಯತ್ಯಾಸದ ಹೊರೆಯೆಲ್ಲ ಚಕ್ರಗಳಿಗೆ ಬಲ ಹಂಚುವ ಯಂತ್ರಭಾಗಗಳ ಮೇಲೆ ಬೀಳುತ್ತದೆ. ಮುಂದಿನ ಚಕ್ರಗಳಿಂದಷ್ಟೇ ಓಡುವ ಕಾರಿನಲ್ಲಿ ಅನಿವಾರ್ಯವಾದರೆ, ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿ. ಹಿಂಭಾಗ ಜಾರಿದರೆ ಕಾರನ್ನು ಹಿಡಿತಕ್ಕೆ ತರುವುದು ಬಲು ಕಷ್ಟ.

ಇನ್ನು ರಸ್ತೆಯ ಮಾತು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ ಗುಡ್ಡದ ಮೇಲಿದೆ. ವೈಕುಂಠ ಏಕಾದಶಿ ಬರುವುದು ಸರಿಯಾಗಿ ಹಿಮದ ಕಾಲದಲ್ಲಿ. ಹಿಂದಿನ ರಾತ್ರಿ ಬಿದ್ದ ಹಿಮ ಇನ್ನೂ ಸರಿಯದ ಆ ಏರನ್ನು ನಾಲ್ಕೂ ಚಕ್ರಗಳು ಒಮ್ಮೆಯೂ ಒದ್ದಾಡದೆ ಹತ್ತಿದವು. ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು ಇಳಿಯುವಾಗಿನ ಅನುಭವ. ಅತ್ತೆ-ಮಾವ ಹಿಂದಿನ ಸೀಟಿನಲ್ಲಿದ್ದರು, ಕೆಳಗೆ ಕಾರುಗಳ ಸಾಲು ನಿಂತಿತ್ತು. ಬ್ರೇಕನ್ನು ಮೆಲ್ಲಗೆ ಒತ್ತಿದೆ, ಕಾರು ನಾನು ಎಣಿಸಿದ ಜಾಗದಲ್ಲೇ ನಿಂತಿತು. ಹಳೆಯ ಟೈರಿನಲ್ಲಿ ಚಕ್ರಗಳು ಜಾರಿ ಬ್ರೇಕ್ ಪೆಡಲ್ ಕಾಲಡಿಯಲ್ಲಿ ಗಡಗಡ ಎನ್ನುತ್ತಿದ್ದ ಜಾಗ ಅದು. ಉಪ್ಪು ಹಾಕಿ ಅರೆಕರಗಿದ ಹಿಮದ ರಾಡಿಯಲ್ಲಿ, ಸ್ಕ್ವಿರಲ್ ಹಿಲ್ ಸುರಂಗದ ಆಚೀಚೆ, ಸ್ಟೀರಿಂಗ್ ಸಡಿಲವಾದಂತೆ ಎನಿಸಲಿಲ್ಲ. ಏಪ್ರಿಲ್ ಮಳೆಯಲ್ಲೂ ಹಿಡಿತ ಚೆನ್ನಾಗಿದೆ.

ಮಂಜುಗಡ್ಡೆಯ ಮಾತೇ ಬೇರೆ. ಕಣ್ಣಿಗೆ ಕಾಣದ ತೆಳು ಪದರ ಸೇತುವೆಗಳ ಮೇಲೆ ಕಟ್ಟಿರುವಾಗ ಈ ಟೈರನ್ನು ನಂಬಿ ಯಾರೂ ಧೈರ್ಯ ಮಾಡಬಾರದು. ಅದಕ್ಕೆ ನಿಜವಾದ ಚಳಿಗಾಲದ ಟೈರೇ ಬೇಕು. ಈರಿ ಅಥವಾ ಬಫಲೋದಂಥ, ಸರೋವರದ ಗಾಳಿ ಅಡಿಗಟ್ಟಲೆ ಹಿಮ ಸುರಿಸುವ ಊರುಗಳಲ್ಲಿರುವವರು ಜಾಗ ಹೇಗಾದರೂ ಹೊಂದಿಸಿಕೊಂಡು ಚಳಿಗಾಲಕ್ಕೆಂದೇ ಬೇರೆ ನಾಲ್ಕು ಟೈರುಗಳನ್ನು ಇಟ್ಟುಕೊಳ್ಳಲಿ. ಇಂಥ ಮೆತ್ತನೆಯ, ಆಳದ ಗೆರೆಗಳ ಟೈರುಗಳು ಉರುಳುವಾಗ ಸ್ವಲ್ಪ ಹೆಚ್ಚು ಶಕ್ತಿ ಕೇಳುತ್ತವೆ ಎಂಬುದನ್ನೂ ತಿಳಿದಿರಿ, ಪೆಟ್ರೋಲಿನ ಲೆಕ್ಕದಲ್ಲಿ ಅದು ಕಾಣಿಸಬಹುದು. ಸವೆಯುತ್ತಾ ಬಂದಂತೆ ಮೊರೆತವೂ ಹೆಚ್ಚುವುದುಂಟು. ನನಗೆ ಎರಡೂ ಒಪ್ಪಿಗೆ.

ಶಿರಸಿಯಲ್ಲಿರುವ ನನ್ನ ಅಣ್ಣ ತನ್ನ ಕ್ರೆಟಾಗೂ ಇಂಥದ್ದೇ ಹುಡುಕಲೇ ಎಂದು ಕೇಳಿದ. ಬೇಡ ಎಂದೆ. ಅಲ್ಲಿ ಹಿಮವಿಲ್ಲ. ಘಟ್ಟದ ಮಳೆಗೆ ಬೇಕಾದದ್ದು ನೀರನ್ನು ಬೇಗ ಹೊರಗೆ ತಳ್ಳುವ ಅಗಲ ಗೆರೆಗಳು, ಒದ್ದೆ ನೆಲದಲ್ಲಿ ಒಳ್ಳೆಯ ಬ್ರೇಕು. ಚಳಿಗೆಂದು ಮೆತ್ತಗೆ ಮಾಡಿದ ರಬ್ಬರು ಬಿಸಿ ರಸ್ತೆಯಲ್ಲಿ ಬೇಗ ಸವೆಯುತ್ತದೆ.

ಕೊಂಡ ಮೇಲೆ ಮಾಡಬೇಕಾದದ್ದು ಇಷ್ಟು. ಉಷ್ಣಾಂಶ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ, ಆದ್ದರಿಂದ ಚಳಿ ಶುರುವಾದ ವಾರದಲ್ಲೇ ಬೆಳಗ್ಗೆ ಕಾರು ಓಡಿಸುವ ಮುನ್ನ ಅಳೆದು ತುಂಬಿಸಿ. ಐದು ಸಾವಿರ ಮೈಲಿಗೊಮ್ಮೆ ಮುಂದಿನ ಟೈರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸಿ. ದಿಕ್ಕಿನ ಟೈರಾದ್ದರಿಂದ ಎಡಗಡೆಯದು ಎಡಕ್ಕೇ ಉಳಿಯಬೇಕು, ಬಲಗಡೆಯದು ಬಲಕ್ಕೇ. ಪ್ರತಿ ಸಲದ ರಸೀದಿಯನ್ನೂ ಮೈಲಿ ಬರೆಸಿ ಜೋಪಾನವಾಗಿಡಿ. ಮುಂದೆ ವಾರಂಟಿ ಕೇಳಲು ಹೋದಾಗ ಅಂಗಡಿಯವರು ಮೊದಲು ಕೇಳುವುದು ಅದನ್ನೇ.