ಟ್ವೈನ್ ಪತ್ರಗಳು ಮೊದಲಾ, ಪುಸ್ತಕ ಮೊದಲಾ? ಮೂರು ಥರ ಓದಿ ನೋಡಿದೆ

ಈ ಮಳೆಗಾಲ ಪೂರ್ತಿ ಒಂದೇ ಪ್ರವಾಸನ ಮೂರು ಥರ ಓದಿದೆ. ಅಮೆರಿಕದ ಹಾಸ್ಯ ಲೇಖಕ ಮಾರ್ಕ್ ಟ್ವೈನ್ 1867ರ ಜೂನ್‌ನಲ್ಲಿ ನ್ಯೂಯಾರ್ಕಿಂದ ಕ್ವೇಕರ್ ಸಿಟಿ ಅನ್ನೋ ಹಡಗು ಹತ್ತಿ ಯುರೋಪು, ಪ್ಯಾಲೆಸ್ಟೈನ್, ಈಜಿಪ್ಟ್ ಸುತ್ತಿ ನವೆಂಬರ್‌ಗೆ ವಾಪಸ್ ಬಂದ್ರಲ್ಲ, ಅದು. ಟಿಕೆಟ್ಟೇ 1250 ಡಾಲರು, ಕಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಆಲ್ಟಾ ಕ್ಯಾಲಿಫೋರ್ನಿಯಾ ಪತ್ರಿಕೆ, ಅದರ ಮೇಲೆ ದಾರಿಯಿಂದ ಪತ್ರಿಕೆಗೆ ಬರೆದು ಕಳಿಸೋ ಒಂದೊಂದು ಪತ್ರಕ್ಕೆ 20 ಡಾಲರು. ಆ ಪತ್ರಗಳೇ 1869ರಲ್ಲಿ 'ದಿ ಇನ್ನೊಸೆಂಟ್ಸ್ ಅಬ್ರಾಡ್' ಅಂತ 650 ಪುಟ ದಾಟಿದ ಪುಸ್ತಕ ಆಗಿದ್ದು.

ಮೊದಲು ಹಳೇ ಪತ್ರಿಕೆಯ ಸ್ಕ್ಯಾನ್ ಓದೋಕೆ ಕೂತೆ. ಸಣ್ಣ ಕಾಲಂ, ಮಸಿ ಹರಡಿದ ಅಕ್ಷರ, ಜೂಮ್ ಮಾಡಿ ಮಾಡಿ ಕಣ್ಣು ನೋವು ಬಂತು, ನಾಲ್ಕು ಪತ್ರಕ್ಕೇ ಸುಸ್ತು. ಆದ್ರೂ ಆ ನಾಲ್ಕನ್ನ ಹಾಗೇ ಓದಿದ್ದು ಒಳ್ಳೇದೇ ಆಯ್ತು, ಯಾಕಂದ್ರೆ ಆಗಿನ್ನೂ ಅಮೆರಿಕದ ಆ ಕಡೆಯಿಂದ ಈ ಕಡೆಗೆ ಪೂರ್ತಿ ರೈಲು ಇರಲಿಲ್ಲ, ಪನಾಮಾ ದಾಟಿ ಹಡಗಲ್ಲಿ ಬಂದ ಪತ್ರ ತಿಂಗಳುಗಟ್ಟಲೆ ತಡವಾಗಿ ಅಚ್ಚಾಗ್ತಿತ್ತು, ಓದೋರ ಕೈಗೆ ಸಿಗೋ ಹೊತ್ತಿಗೆ ಬರೆದೋರು ಇನ್ಯಾವುದೋ ಬಂದರಲ್ಲಿ. ಇದು ದಿನಾಂಕ ನೋಡ್ತಾ ಓದಿದ್ರೆ ಮಾತ್ರ ತಟ್ಟುತ್ತೆ.

ಎರಡನೇದು, 1958ರಲ್ಲಿ ಈ ಪತ್ರಗಳನ್ನ ಒಟ್ಟುಮಾಡಿ ತಂದ ಸಂಕಲನ. ಕಣ್ಣಿಗೆ ಹಿತ, ಮತ್ತೆ ನನಗೆ ನಿಜವಾದ ಖುಷಿ ಸಿಕ್ಕಿದ್ದೂ ಇಲ್ಲೇ. ಪತ್ರಗಳಲ್ಲಿ ಬ್ರೌನ್ ಅಂತ ಒಬ್ಬ ಜೊತೆಗಾರ ಇದ್ದಾನೆ, ಕಲ್ಪನೆಯವನು, ಒರಟು ಬಾಯಿ. ಟ್ವೈನ್‌ಗೆ ಏನಾದ್ರೂ ಅಡ್ಡಾದಿಡ್ಡಿ ಮಾತು ಹೇಳ್ಬೇಕಂದ್ರೆ ಬ್ರೌನ್ ಬಾಯಲ್ಲಿ ಹೇಳಿಸಿ ತಾವು ಮರ್ಯಾದಸ್ಥರ ಹಾಗೆ ಪಕ್ಕಕ್ಕೆ ನಿಂತ್ಕೋತಾರೆ. ಪುಸ್ತಕದಲ್ಲಿ ಹುಡುಕಿದೆ, ಬ್ರೌನ್ ಇಲ್ಲ! ಅವನ ಮಾತಿನ ಕೆಲವು ಬೇರೆಯವರ ಬಾಯಿಗೆ ಹೋಗಿವೆ, ಕೆಲವು ಬಿಟ್ಟೇ ಹೋಗಿವೆ, ಉಳಿದ ಪೆದ್ದುತನ ಎಲ್ಲ ಕಥೆ ಹೇಳೋ 'ನಾನು' ಮೇಲೇ ಬಿದ್ದಿದೆ. ನನ್ನ ಪ್ರಕಾರ ಪತ್ರ ಪುಸ್ತಕ ಆಗಿದ್ದು ಈ ಜಾಗದಲ್ಲಿ. ಕ್ಯಾಲಿಫೋರ್ನಿಯಾದವರಿಗಷ್ಟೇ ಅರ್ಥ ಆಗೋ ಮಾತು, ಬೀದಿ ಭಾಷೆ, ದೇವರ ವಿಷಯದ ಒರಟು ಸಾಲು ಇವನ್ನ ಕತ್ತರಿಸಿದ್ದು ಸಂಪಾದನೆ ಅಷ್ಟೇ, ಅದನ್ನ ಯಾರಾದ್ರೂ ಮಾಡ್ತಿದ್ರು (ಲೇಖಕ ಗೆಳೆಯ ಬ್ರೆಟ್ ಹಾರ್ಟ್ ಹಸ್ತಪ್ರತಿ ಓದಿ ಏನೇನು ತೆಗೀಬೇಕು ಅಂತ ಹೇಳಿಕೊಟ್ಟಿದ್ರು ಕೂಡ). ಆದರೆ ನಗೋಕೆ ಇಟ್ಕೊಂಡಿದ್ದ ಇನ್ನೊಬ್ಬನನ್ನ ತೆಗೆದು ಆ ಜಾಗದಲ್ಲಿ ತಾನೇ ನಿಲ್ಲೋದಿದ್ಯಲ್ಲ, ಅದಕ್ಕೆ ಬರಹಗಾರನೇ ಬೇಕು.

ಮೂರನೇದು ಪುಸ್ತಕ. ಅಜೋರ್ಸ್ ದ್ವೀಪದ ಊಟದ ಬಿಲ್ ಪ್ರಸಂಗ ಒಂದಕ್ಕೇ ಇದನ್ನ ತಗೋಬಹುದು. ಬ್ಲೂಚರ್ ಅನ್ನೋ ಸಹಪ್ರಯಾಣಿಕ ಸೋವಿ ಅಂತ ಹತ್ತು ಜನಕ್ಕೆ ಊಟ ಕೊಡಿಸ್ತಾನೆ, ಬಿಲ್ ಬರುತ್ತೆ: ಊಟ 6000 ರೇಯಿಸ್ (ಆಗಿನ ಪೋರ್ಚುಗೀಸ್ ದುಡ್ಡು), 25 ಸಿಗಾರ್‌ಗೆ 2500, 11 ಬಾಟಲಿ ವೈನ್‌ಗೆ 13,200, ಒಟ್ಟು 21,700. ಮುಖ ಬಿಳಿಚಿಕೊಂಡು ಹಡಗಲ್ಲಿರೋ ದುಡ್ಡೆಲ್ಲ ಸೇರಿಸಿದ್ರೂ ಸಾಲಲ್ಲ ಅಂತಾನೆ, ಆಮೇಲೆ ನೋಡಿದ್ರೆ ಅದು ಬರೀ 21 ಡಾಲರ್ 70 ಸೆಂಟು.

ಪುಸ್ತಕದ ಕೊರತೆ ಅಂದ್ರೆ ದಪ್ಪ. ಆಗ ಇದು ಏಜೆಂಟರು ಮನೆಮನೆಗೆ ಹೋಗಿ ಮುಂಗಡ ಆರ್ಡರ್ ಹಿಡಿದು ಮಾರೋ ಪುಸ್ತಕ, ತೂಕ ಇದ್ರೇ ಗಿರಾಕಿ, ಹಾಗಾಗಿ ಪ್ಯಾಲೆಸ್ಟೈನ್ ಭಾಗ ಎಳೀತಾ ಹೋಗುತ್ತೆ, ಅಲ್ಲಿ ನನಗೆ ಪತ್ರಗಳೇ ಚುರುಕು ಅನ್ನಿಸಿದ್ದು. ಇನ್ನೊಂದು ವಿಷಯ, ಈ ಪುಸ್ತಕ ಬರದೇ ಹೋಗೋ ಸಾಧ್ಯತೆನೂ ಇತ್ತು. ಆಲ್ಟಾದವರು ಪತ್ರಗಳಿಗೆ ಕಾಪಿರೈಟ್ ಮಾಡಿಸಿ ತಾವೇ ಪುಸ್ತಕ ತರೋಕೆ ಹೊರಟಿದ್ರು, 1868ರಲ್ಲಿ ಟ್ವೈನ್ ಸ್ಯಾನ್ ಫ್ರಾನ್ಸಿಸ್ಕೋಗೇ ಓಡಿಹೋಗಿ ಒಪ್ಪಿಸಿದ ಮೇಲೆ ಹಕ್ಕು ಬಿಟ್ಟುಕೊಟ್ಟಿದ್ದು.

ಹೊಸದಾಗಿ ಓದೋರಿಗೆ ಪುಸ್ತಕವೇ ಮೊದಲು, ಆಮೇಲೆ 1958ರ ಸಂಕಲನ. ಸ್ಕ್ಯಾನ್ ಒಂದೆರಡು ಪತ್ರಕ್ಕೆ ಸಾಕು. ಬರೆಯೋ ಅಭ್ಯಾಸ ಇರೋರು ಮಾತ್ರ ಪತ್ರದಿಂದ ಶುರು ಮಾಡಿ, ಬ್ರೌನ್ ಬಂದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕ್ಕೊಂಡು ಆಮೇಲೆ ಪುಸ್ತಕದಲ್ಲಿ ಅದೇ ಊರನ್ನ ತೆಗೆದು ನೋಡಿ. ನಾನು ಹಾಕಿದ ಗುರುತುಗಳು ಇನ್ನೂ ಅಳಿಸಿಲ್ಲ.