ನೋವಾ ಪೆಕನ್ ಮಡ್ ಕೇಕ್: ಸಿಹಿಯ ಕೆಳಗೆ ಸ್ಟೌಟ್ ಉಳಿದಿದೆಯೇ?

ಸ್ಟಾಕ್‌ಹೋಮಿನ ಓಮ್ನಿಪೊಲ್ಲೊ ಸಂಸ್ಥೆಯ ನೋವಾ ಪೆಕನ್ ಮಡ್ ಕೇಕ್ ಶೇಕಡಾ 11ರಷ್ಟು ಮದ್ಯಸಾರವುಳ್ಳ ಇಂಪೀರಿಯಲ್ ಸ್ಟೌಟ್, ಅಂದರೆ ಹುರಿದ ಧಾನ್ಯದಿಂದ ತಯಾರಾಗುವ ಕಪ್ಪು ಬೀರಿನ ಪ್ರಬಲ ರೂಪ. ಹೆಸರೇ ಸೂಚಿಸುವಂತೆ, ಅಕ್ರೋಟಿನ ಕುಟುಂಬಕ್ಕೆ ಸೇರಿದ ಪೆಕನ್ ಬೀಜ ಮತ್ತು ಒಳಗೆ ಇನ್ನೂ ಹಸಿಯಾಗಿ ಅಂಟಂಟಾಗಿರುವ ಚಾಕೊಲೇಟ್ ಕೇಕ್, ಇವೆರಡರ ರುಚಿಯನ್ನು ಬೀರಿನಲ್ಲಿ ಮೂಡಿಸುವುದು ಇದರ ಉದ್ದೇಶ. ಹೆನೊಕ್ ಫೆಂಟಿ ಮತ್ತು ಕಾರ್ಲ್ ಗ್ರಾಂಡಿನ್ ಜೊತೆಗೂಡಿ ಕಟ್ಟಿದ ಸಂಸ್ಥೆಯಿದು. ಬೀರಿನ ಪಾಕವನ್ನು ರೂಪಿಸುವವರು ಫೆಂಟಿ, ಬಾಟಲಿಯ ಮೇಲಿನ ಚಿತ್ರಗಳು ಗ್ರಾಂಡಿನ್ ಅವರವು. ಬಹುಕಾಲ ತಮ್ಮದೇ ಬ್ರೂವರಿ ಇಲ್ಲದೆ ಇತರರ ಬ್ರೂವರಿಗಳಲ್ಲಿ ಬೀರು ತಯಾರಿಸುತ್ತಿದ್ದ ಈ ಇಬ್ಬರು, ಪೇಸ್ಟ್ರಿ ಸ್ಟೌಟ್ ಎಂದು ಕರೆಯಲಾಗುವ ಸಿಹಿತಿಂಡಿ ರುಚಿಯ ಸ್ಟೌಟುಗಳಿಗೆ ಯುರೋಪಿನಲ್ಲಿ ಹೆಸರು ತಂದವರಲ್ಲಿ ಪ್ರಮುಖರು. ಇಂಥ ಬೀರುಗಳ ಬಗ್ಗೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಸೇರಿಸಿದ ಪರಿಮಳವೆಲ್ಲ ಹಾರಿಹೋದ ಮೇಲೆ ಲೋಟದಲ್ಲಿ ಸ್ಟೌಟ್ ಉಳಿಯುತ್ತದೆಯೇ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಸ್ಟೌಟಿನ ಕಪ್ಪು ಬಣ್ಣವೂ ಕಾಫಿಯನ್ನು ನೆನಪಿಸುವ ಕಹಿಯೂ ಬರುವುದು ಚೆನ್ನಾಗಿ ಹುರಿದ ಬಾರ್ಲಿ ಮತ್ತು ಮಾಲ್ಟಿನಿಂದ (ಮೊಳಕೆ ಬರಿಸಿ ಒಣಗಿಸಿದ ಧಾನ್ಯವೇ ಮಾಲ್ಟು). 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟನ್ನು ಸುಟ್ಟು ಬೂದಿಯಾಗಿಸದೆ ಕಡುಕಪ್ಪಾಗುವಷ್ಟು ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ನಂತರ, ಪೋರ್ಟರ್ ಎಂಬ ಕಡು ಬಣ್ಣದ ಬೀರುಗಳು ಮತ್ತು ಸ್ಟೌಟುಗಳು ನಾವು ಇಂದು ಗುರುತಿಸುವ ರೂಪಕ್ಕೆ ಬಂದವು. ಕೋಕೋ ಒಂದು ಚಿಟಿಕೆಯೂ ಇಲ್ಲದ ಸ್ಟೌಟಿನಲ್ಲಿ ಕೂಡ ಕಡು ಚಾಕೊಲೇಟಿನ ರುಚಿ ಸಿಗುವುದು ಈ ಹುರಿತದ ಫಲ. ಲಂಡನ್ನಿನಿಂದ ರಷ್ಯಾದ ಅರಮನೆಯವರೆಗೆ ಸಾಗಿದ ಪ್ರಬಲ ಸ್ಟೌಟುಗಳಿಂದ ಇಂಪೀರಿಯಲ್ ಎಂಬ ಬಿರುದು ಉಳಿದುಬಂದರೆ, ಸಿಹಿ ಸ್ಟೌಟಿನ ಪರಂಪರೆ ಬೇರೆಯೇ ದಾರಿ ಹಿಡಿಯಿತು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮ್ಯಾಕೆಸನ್ ಬ್ರೂವರಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮಾರುಕಟ್ಟೆಗೆ ತಂದ ಮಿಲ್ಕ್ ಸ್ಟೌಟಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬಳಸಲಾಗಿತ್ತು. ಬೀರಿನ ಯೀಸ್ಟು ಲ್ಯಾಕ್ಟೋಸನ್ನು ಹುದುಗಿಸಲಾರದ ಕಾರಣ ಅದರ ಸಿಹಿ ಹಾಗೆಯೇ ಉಳಿಯುತ್ತದೆ. ಆ ಬೀರಿನಲ್ಲಿ ಸಿಹಿಯಿತ್ತು, ಮದ್ಯಸಾರ ಮಾತ್ರ ಕಡಿಮೆಯಿತ್ತು. ಇಂದಿನ ಪೇಸ್ಟ್ರಿ ಸ್ಟೌಟುಗಳು ಪ್ರಾಬಲ್ಯವನ್ನೂ ಸಿಹಿಯನ್ನೂ ಒಂದೇ ಬಾಟಲಿಗೆ ತುಂಬಿ, ಅದರ ಮೇಲೆ ಪರಿಮಳವನ್ನೂ ಸೇರಿಸುತ್ತವೆ. ಇಷ್ಟೊಂದು ಭಾರವನ್ನು ಹುರಿದ ಮಾಲ್ಟಿನ ಕಹಿಯೊಂದೇ ಹೊರಬೇಕು ಎಂಬಲ್ಲಿ ಕಷ್ಟ ಶುರುವಾಗುತ್ತದೆ.

ಫ್ರಿಜ್ಜಿನಿಂದ ತೆಗೆದ ಕೂಡಲೇ ಇದನ್ನು ಕುಡಿಯಬಾರದು. ನಾಲ್ಕೈದು ಡಿಗ್ರಿಯ ತಂಪಿನಲ್ಲಿ ನಾಲಿಗೆಗೆ ಸಿಹಿಯೂ ಕಹಿಯೂ ಸರಿಯಾಗಿ ತಿಳಿಯುವುದಿಲ್ಲ, ಘಮವೂ ಮೇಲೇಳುವುದಿಲ್ಲ. 12 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಬೀರು ತೆರೆದುಕೊಳ್ಳುತ್ತದೆ. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಚಿಕ್ಕ ಗ್ಲಾಸು ಇದಕ್ಕೆ ಸೂಕ್ತ. ಬಗ್ಗಿಸಿದಾಗ ಬೀರು ಎಣ್ಣೆಯಂತೆ ಸದ್ದಿಲ್ಲದೆ ಇಳಿಯುತ್ತದೆ. ಬೆಳಕಿಗೆ ಹಿಡಿದರೂ ಅಂಚಿನಲ್ಲಿ ಕೆಂಪು ಸುಳಿಯದಷ್ಟು ದಟ್ಟ ಕಪ್ಪು, ಅದರ ಮೇಲೆ ಕಂದು ಬಣ್ಣದ ತೆಳು ನೊರೆ. ನೊರೆ ಬೇಗನೆ ಕುಗ್ಗಿ ಗ್ಲಾಸಿನ ಸುತ್ತ ಒಂದು ಗೆರೆಯಾಗಿ ಉಳಿಯುತ್ತದೆ; ಇಷ್ಟು ಪ್ರಬಲವಾದ ಬೀರಿನಲ್ಲಿ ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ.

ಮೂಗಿಗೆ ಮೊದಲು ತಾಗುವುದು ಬೆಣ್ಣೆಯಲ್ಲಿ ಹುರಿದ ಬೀಜದ ಘಮ. ಅದರ ಹಿಂದೆಯೇ ವೆನಿಲ್ಲಾ, ಹಾಲು ಬೆರೆತ ಚಾಕೊಲೇಟ್, ಕಂದು ಸಕ್ಕರೆ ಬರುತ್ತವೆ. ಘಮ ಎಷ್ಟು ಮುಂದಾಗಿದೆಯೆಂದರೆ ಗ್ಲಾಸನ್ನು ಮುಖದ ಹತ್ತಿರ ತರುವ ಮೊದಲೇ ಬೀರು ತನ್ನ ಹೆಸರನ್ನು ಹೇಳಿಬಿಡುತ್ತದೆ, ಮತ್ತು ಈ ಹಂತದಲ್ಲಿ ನನಗೆ ಅನುಮಾನವೂ ಮೂಡುತ್ತದೆ. ಬಾದಾಮಿ ಎಸೆನ್ಸಿನ ಕಡೆಗೆ ವಾಲುವ ಒಂದು ಎಳೆ ಆ ಘಮದಲ್ಲಿದೆ. ತಣ್ಣಗಿರುವಷ್ಟು ಹೊತ್ತೂ ಅದು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಗ್ಲಾಸು ಕೈಯಲ್ಲಿ ಬೆಚ್ಚಗಾಗುತ್ತ ಹೋದಂತೆ ಆ ಎಳೆ ಹಿಂದೆ ಸರಿದು, ಹುರಿದ ಮಾಲ್ಟು ಮತ್ತು ತುಸು ಒಣದ್ರಾಕ್ಷಿಯ ವಾಸನೆ ಮುಂದೆ ಬರುತ್ತವೆ. ಅವಸರದಿಂದ ಕುಡಿದು ಮುಗಿಸಿದವರು ಈ ಬೀರಿನ ಒಳ್ಳೆಯ ಅರ್ಧವನ್ನೇ ಕಳೆದುಕೊಳ್ಳುತ್ತಾರೆ.

ಮೊದಲ ಗುಟುಕಿನಲ್ಲಿ ಸಿಹಿ ಸಂಕೋಚವಿಲ್ಲದೆ ಇಡೀ ನಾಲಿಗೆಯನ್ನು ಆವರಿಸುತ್ತದೆ. ಚಾಕೊಲೇಟ್, ಕಾಸಿ ಕಂದಾಗಿಸಿದ ಸಕ್ಕರೆ, ಬೀಜದ ಎಣ್ಣೆಯಂಶದ ರುಚಿ ಒಂದರ ಮೇಲೊಂದು ಪದರವಾಗಿ ಬಂದು, ಬೇರೆ ಬೇರೆಯಾಗಿ ಗುರುತಿಸುವಷ್ಟು ಹೊತ್ತು ನಿಲ್ಲುತ್ತವೆ. ನುಂಗುವ ಹೊತ್ತಿಗೆ ಕಹಿ ಏಳುತ್ತದೆ. ಅದು ಬೀರಿಗೆ ಕಹಿಗಾಗಿ ಹಾಕುವ ಹಾಪ್ಸ್ ಹೂವಿನ ಚೂಪಾದ ಕಹಿಯಲ್ಲ. ಕಡು ಚಾಕೊಲೇಟಿನ, ಗಟ್ಟಿ ಕಾಫಿಯ ಕೊನೆಯಲ್ಲಿ ಉಳಿಯುವ ಒಗರು ಬೆರೆತ ಕಹಿ. ಈ ಕಹಿ ಬಂದ ಕ್ಷಣವೇ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಿಹಿ ಅಂಗುಳಿನಲ್ಲಿ ಜಿಡ್ಡಾಗಿ ಕೂರುವ ಮೊದಲು ಕಹಿ ಅದನ್ನು ಅಲ್ಲಿಂದ ಎಬ್ಬಿಸುತ್ತದೆ, ಬಾಯಿ ಮತ್ತೊಂದು ಗುಟುಕಿಗೆ ಸಿದ್ಧವಾಗುತ್ತದೆ. ಸಿಹಿಯ ಜೊತೆ ಸೆಣಸುವ ಈ ಶಕ್ತಿ ಇಲ್ಲದ ಪೇಸ್ಟ್ರಿ ಸ್ಟೌಟುಗಳು ಬಹಳ ಇವೆ. ಅವನ್ನು ಕುಡಿದಾಗ ಐಸ್‌ಕ್ರೀಮಿನ ಮೇಲೆ ಸುರಿಯುವ ಸಿರಪ್ಪನ್ನು ಕುಡಿದಂತೆ ಅನ್ನಿಸುತ್ತದೆಯೇ ಹೊರತು ಬೀರು ಕುಡಿದಂತಲ್ಲ. ನೋವಾ ಆ ಗೆರೆಯ ತೀರ ಹತ್ತಿರ ಹೋಗುತ್ತದೆ, ಆದರೆ ದಾಟುವುದಿಲ್ಲ. ಗಂಟಲಿಗಿಳಿದ ಮೇಲೆ ಎದೆಯಲ್ಲಿ ಹಿತವಾದ ಬಿಸಿ ಹರಡುವುದನ್ನು ಬಿಟ್ಟರೆ, ಶೇಕಡಾ 11ರ ಮದ್ಯಸಾರ ಬಾಯಿಯಲ್ಲಿ ಎಲ್ಲಿಯೂ ಸುಡುವುದಿಲ್ಲ.

ಆ ದಪ್ಪ ಮೈಗೆ ಕಾರಣ ಹುದುಗದೆ ಉಳಿದ ಸಕ್ಕರೆ. ನೀರಿನ ಸಾಂದ್ರತೆಯನ್ನು 1.000 ಎಂದಿಟ್ಟುಕೊಂಡರೆ, ಸಾಧಾರಣ ಬೀರಿನ ಸಾಂದ್ರತೆ ಹುದುಗುವಿಕೆ ಮುಗಿಯುವಾಗ 1.010ರ ಹತ್ತಿರಕ್ಕೆ ಇಳಿದರೆ, ಸಿಹಿಯಾದ ಇಂಪೀರಿಯಲ್ ಸ್ಟೌಟುಗಳು 1.030ರಲ್ಲಿ ಅಥವಾ ಅದಕ್ಕೂ ಮೇಲೆ ನಿಲ್ಲುವುದುಂಟು. ಹಾಗೆ ನಿಂತ ಬೀರು ಬಾಯಿಯನ್ನು ತುಂಬುತ್ತದೆ, ಮದ್ಯಸಾರದ ಖಾರವನ್ನು ಮರೆಮಾಡುತ್ತದೆ, ಹಾಗೆಯೇ ಕುಡಿಯುವವರನ್ನು ಬೇಗ ದಣಿಸುತ್ತದೆ ಕೂಡ.

ದಣಿವಿನ ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು, ಏಕೆಂದರೆ ಈ ಬೀರಿನ ಬಗ್ಗೆ ನನಗಿರುವ ನಿಜವಾದ ತಕರಾರು ಅದೊಂದೇ. ಗ್ಲಾಸಿನ ಅರ್ಧದವರೆಗೆ ಪ್ರತಿ ಗುಟುಕೂ ಹೊಸದನ್ನು ತೋರಿಸುತ್ತದೆ. ಅಲ್ಲಿಂದ ಮುಂದೆ ನಾಲಿಗೆ ಕಹಿಗೆ ಒಗ್ಗಿಕೊಳ್ಳುತ್ತದೆ, ಸಿಹಿ ಮಾತ್ರ ಕೂಡುತ್ತಲೇ ಹೋಗುತ್ತದೆ. ಬೀರಿನೊಳಗಿನ ಅನಿಲವೂ ಅಷ್ಟು ಹೊತ್ತಿಗೆ ಇಳಿದುಹೋಗಿ, ಬಾಯಿ ತೊಳೆದು ಹಗುರಾಗಿಸುವ ಗುಳ್ಳೆಗಳಿಲ್ಲದೆ ಕೊನೆಯ ಗುಟುಕುಗಳು ಭಾರವಾಗುತ್ತವೆ. ಇನ್ನು ಪ್ರಮಾಣದ ಲೆಕ್ಕ: 330 ಮಿಲಿಲೀಟರ್ ಬಾಟಲಿಯಲ್ಲಿ 36 ಮಿಲಿಲೀಟರಿಗಿಂತ ತುಸು ಹೆಚ್ಚು ಶುದ್ಧ ಮದ್ಯಸಾರವಿರುತ್ತದೆ. ಅಷ್ಟೇ ಗಾತ್ರದ, ಶೇಕಡಾ 5ರ ಲಾಗರ್ ಎಂಬ ಸಾಮಾನ್ಯ ಬೀರಿನ ಬಾಟಲಿಯಲ್ಲಿರುವುದರ ಎರಡರಷ್ಟಕ್ಕಿಂತ ಇದು ಜಾಸ್ತಿ. ಸಿಹಿ ಈ ಬಲವನ್ನು ಮರೆಸುವುದರಿಂದ ಎಚ್ಚರ ಇನ್ನೂ ಹೆಚ್ಚು ಬೇಕು. ಹೀಗಾಗಿ ಒಂದು ಬಾಟಲಿಯನ್ನು ಇಬ್ಬರು, ಸಾಧ್ಯವಾದರೆ ಮೂವರು ಹಂಚಿಕೊಂಡು ಕುಡಿಯುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಊಟದ ಜೊತೆಗೆ ಇದು ಒಗ್ಗುವುದಿಲ್ಲ. ಊಟವಾದ ಮೇಲೆ ಚಿಕ್ಕ ಗ್ಲಾಸಿನಲ್ಲಿ ಬರಲಿ. ಜೊತೆಗೆ ಚಾಕೊಲೇಟ್ ಕೇಕ್ ಇಟ್ಟರೆ ಸಿಹಿಗೆ ಸಿಹಿ ಸೇರಿ ಎರಡೂ ಮಂಕಾಗುತ್ತವೆ. ಉಪ್ಪು ಮುಂದಾಗಿರುವ ನೀಲಿ ಗೆರೆಗಳ ಚೀಸ್ ಇದ್ದರೆ, ಅದರ ಉಪ್ಪು ಸಿಹಿಯನ್ನು ಹತೋಟಿಯಲ್ಲಿಟ್ಟು ಹುರಿದ ಮಾಲ್ಟಿನ ರುಚಿಯನ್ನು ಎತ್ತಿ ಹಿಡಿಯುತ್ತದೆ.

ಪ್ರಬಲ ಸ್ಟೌಟನ್ನು ವರ್ಷಗಟ್ಟಲೆ ಕೂಡಿಟ್ಟು ಮಾಗಿಸುವ ಅಭ್ಯಾಸ ಹಲವರಿಗಿದೆ. ನೋವಾವನ್ನು ಹಾಗೆ ಇಡುವ ಮುನ್ನ ಯಾವ ರುಚಿ ಬೇಕು ಎಂದು ತೀರ್ಮಾನಿಸಿಕೊಳ್ಳಬೇಕು. ಕಾಲ ಕಳೆದಂತೆ ಬೀಜದ, ವೆನಿಲ್ಲಾದ ಘಮ ಮೊದಲು ಮಾಸುತ್ತದೆ, ಬಾಟಲಿಯೊಳಗೆ ಉಳಿದ ಆಮ್ಲಜನಕ ಒಣಹಣ್ಣಿನ ಮತ್ತು ಶೆರಿ ವೈನಿನ ಛಾಯೆಯನ್ನು ತರುತ್ತದೆ. ಹೆಸರಿನಲ್ಲಿರುವ ಪೆಕನ್ ರುಚಿಗಾಗಿಯೇ ಕೊಳ್ಳುವವರು ತಯಾರಿಕೆಯ ದಿನಾಂಕ ನೋಡಿ, ಹೊಸದಾಗಿರುವಾಗಲೇ ತೆರೆಯುವುದು ಒಳ್ಳೆಯದು. ಅಲ್ಲಿಯವರೆಗೆ ಬೆಳಕು ತಾಗದ ತಂಪು ಜಾಗದಲ್ಲಿ ಬಾಟಲಿಯನ್ನು ನೇರವಾಗಿ ನಿಲ್ಲಿಸಿಟ್ಟರೆ ಸಾಕು. ಒಣ, ಕಹಿ ಸ್ಟೌಟನ್ನೇ ಇಷ್ಟಪಡುವವರಿಗೆ ನಾನು ಇದನ್ನು ಸೂಚಿಸಲಾರೆ, ಅವರಿಗೆ ಎರಡನೆಯ ಗುಟುಕೇ ಅತಿಯಾದೀತು. ಬೀರೆಂದರೆ ಕಹಿ ಎಂದು ದೂರವೇ ಉಳಿದವರಿಗೆ ಮಾತ್ರ ಅರ್ಧ ಗ್ಲಾಸು ಕೊಟ್ಟು, ಹದಿನೈದು ನಿಮಿಷ ಕಾದು ಮತ್ತೆ ರುಚಿ ನೋಡಲು ಹೇಳುತ್ತೇನೆ.